ಮುಖ ನೋಡಿ ವಯಸ್ಸು ಹೇಳುವುದನ್ನು ಎಷ್ಟು ನಂಬಬಹುದು?

ಮುಖ ನೋಡಿ ವಯಸ್ಸನ್ನು ಹೇಗೆ ಅಂದಾಜು ಮಾಡುತ್ತೇವೆ, ಆ ಅಂದಾಜು ಎಷ್ಟು ಸರಿಯಾಗಿರುತ್ತದೆ ಎಂದು ಕೇಳಿದ್ದೀರಿ. ಪಾವಗಡದಲ್ಲಿ ಪಿಂಚಣಿ ಅರ್ಜಿ ಬರೆದುಕೊಡುವ ಕೆಲಸ ನನ್ನದಾದ್ದರಿಂದ, ಎದುರಿಗೆ ಕುಳಿತವರ ಮುಖವನ್ನೂ ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ವರ್ಷವನ್ನೂ ಒಟ್ಟಿಗೆ ನೋಡುತ್ತಿರುತ್ತೇನೆ. ಒಬ್ಬರು ಎಲ್ಲಿ, ಯಾವ ಕೆಲಸ ಮಾಡಿಕೊಂಡು ಬದುಕಿದರು ಎಂಬುದನ್ನು ಮುಖ ಚೆನ್ನಾಗಿ ಹೇಳುತ್ತದೆ. ವಯಸ್ಸನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಕಣ್ಣಿಗೆ ಮೊದಲು ಬೀಳುವುದು ನರೆತ ಕೂದಲು, ಆಮೇಲೆ ಸುಕ್ಕು, ಜೋತುಬಿದ್ದ ಕೆನ್ನೆ. ವಯಸ್ಸಾದಂತೆ ತುಟಿ, ಹುಬ್ಬು, ಕಣ್ಣುಗಳು ಸುತ್ತಲಿನ ಚರ್ಮದಿಂದ ಎದ್ದು ಕಾಣುವುದು ಕಡಿಮೆಯಾಗುತ್ತದೆ, ಅದನ್ನೂ ನಮಗರಿವಿಲ್ಲದೆ ಗಮನಿಸುತ್ತೇವೆ. ಕಾಡಿಗೆ ಹಚ್ಚಿದ ಮುಖ ಎಳೆಯದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಆದರೆ ಸುಕ್ಕುಗಳಲ್ಲಿ ಬಿಸಿಲಿನ ಪಾಲು ದೊಡ್ಡದು. ನೇರಳಾತೀತ ಕಿರಣಗಳಲ್ಲಿ ‘ಎ’ ವಿಧದವು ಕಿಟಕಿಯ ಗಾಜನ್ನೂ ದಾಟಿ ಬಂದು ಚರ್ಮದ ಒಳಪದರದ ಕೊಲಾಜನ್, ಎಲಾಸ್ಟಿನ್ ನಾರುಗಳನ್ನು ಕೆಡಿಸುತ್ತವೆ. 28 ವರ್ಷ ಲಾರಿ ಓಡಿಸಿದ 69 ವರ್ಷದ ಚಾಲಕನೊಬ್ಬನ ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿಯ ಕಡೆಗಿದ್ದ ಎಡಭಾಗ ಬಲಭಾಗಕ್ಕಿಂತ ಬಹಳ ಮುದಿಯಾಗಿ ಕಾಣುತ್ತಿತ್ತು. (ನಮ್ಮ ಚಾಲಕರಾದರೆ ಬಲಗೆನ್ನೆಯನ್ನು ನೋಡಬೇಕು.) ಗಾಜಿನ ಮರೆಯಲ್ಲಿ ಕುಳಿತವನ ಪಾಡೇ ಹೀಗಿರುವಾಗ, ಕಡಲೆಕಾಯಿ ಹೊಲದಲ್ಲಿ ದಿನವಿಡೀ ಕಳೆ ಕೀಳುವ ಹೆಂಗಸಿನ ಮುಖದ ಬಗ್ಗೆ ಹೇಳಬೇಕಾದ್ದೇನಿದೆ?

ನಮ್ಮ ಕಡೆ ಇದಕ್ಕೆ ನೀರೂ ಸೇರಿಕೊಂಡಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಾನದಂಡವಾದರೂ, ಈ ತಾಲ್ಲೂಕಿನ ಜನ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದಿದ್ದಾರೆ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲೇ ಅದು ಕಲೆ ಬೀಳಿಸುವುದರಿಂದ ಇಪ್ಪತ್ತರ ಹುಡುಗನೂ ಬಾಯಿ ಬಿಟ್ಟರೆ ವಯಸ್ಸಾದವನಂತೆ ಕಾಣುತ್ತಾನೆ. ಮೂಳೆಗಿಳಿದರೆ ನಡು ಬಗ್ಗುತ್ತದೆ.

ನಮ್ಮದೇ ವಯಸ್ಸಿನವರ ಮುಖವನ್ನು ನಾವು ಹೆಚ್ಚು ಸರಿಯಾಗಿ ಅಳೆಯುತ್ತೇವೆ ಎಂಬುದನ್ನೂ ನೆನಪಿಡಿ. ಚಿಕ್ಕವರಿಗೆ ಒಂದಿಷ್ಟು ಕೂಡಿಸಿ, ಮುದುಕರಿಗೆ ಒಂದಿಷ್ಟು ಕಳೆದು ಹೇಳುವುದು ಸಾಮಾನ್ಯ.

ಸಂಧ್ಯಾ ಸುರಕ್ಷಾ ಯೋಜನೆಗೆ 65 ತುಂಬಿರಬೇಕು, ಅದಕ್ಕೆ ದಾಖಲೆ ಬೇಕು. ಆದರೆ ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಜನರ ಕಾರ್ಡಿನಲ್ಲಿ ಜನವರಿ 1 ಎಂದಿರುತ್ತದೆ, ವರ್ಷವನ್ನೂ ಅಂದಾಜಿನ ಮೇಲೆ ಬರೆಸಿರುತ್ತಾರೆ. ಆದ್ದರಿಂದ ನನಗೆ ನಿಜವಾದ ವಯಸ್ಸು ಬೇಕೆನಿಸಿದರೆ ಮುಖವನ್ನೂ ಕಾರ್ಡನ್ನೂ ಬದಿಗಿಟ್ಟು, “ಮದುವೆಯಾದಾಗ ಎಷ್ಟು ವರ್ಷವಮ್ಮ, ದೊಡ್ಡ ಮಗನಿಗೆ ಈಗೆಷ್ಟು?” ಎಂದು ಕೇಳಿ ಲೆಕ್ಕ ಹಾಕುತ್ತೇನೆ.