ಬ್ಲ್ಯಾಕ್‌ಜಾಕ್: ನಿಮ್ಮ ಎಲೆಗಿಂತ ಮೊದಲು ಡೀಲರ್ ಎಲೆ ನೋಡಿ

ರಮ್ಮಿ ಬರುತ್ತದೆ, ಬ್ಲ್ಯಾಕ್‌ಜಾಕ್ ಬರುವುದಿಲ್ಲ, ಮುಂದಿನ ತಿಂಗಳು ಲಾಸ್ ವೇಗಸ್‌ಗೆ ಹೋಗುತ್ತಿದ್ದೇನೆ, 21ಕ್ಕೆ ಹತ್ತಿರ ಹೋದವರು ಗೆಲ್ಲುತ್ತಾರೆ ಅನ್ನುವುದಷ್ಟೇ ಗೊತ್ತು, ಮಿಕ್ಕಿದ್ದು ಹೇಳಿ ಅಂತ ಕೇಳಿದ್ದೀರಿ. ಮೊದಲು ಆ 21ರ ಮಾತನ್ನು ಪಕ್ಕಕ್ಕಿಡಿ. ನೀವು ಸೋಲಿಸಬೇಕಾದದ್ದು ಡೀಲರ್ ಒಬ್ಬರನ್ನೇ, ಅಂದರೆ ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವವರನ್ನು. ಪಕ್ಕದಲ್ಲಿ ಕೂತವರ ಜೊತೆ ಪೈಪೋಟಿಯೇ ಇಲ್ಲ. ನಿಮ್ಮ ಹತ್ತಿರ ಬರೀ 13 ಇದ್ದರೂ ಡೀಲರ್ 21 ದಾಟಿದರೆ ಗೆದ್ದವರು ನೀವೇ.

ಲೆಕ್ಕ ಸುಲಭ. ರಾಜ, ರಾಣಿ, ಗುಲಾಮ ಮೂರಕ್ಕೂ 10. ಎಕ್ಕಕ್ಕೆ 1 ಅಥವಾ 11, ಯಾವುದು ಅನುಕೂಲವೋ ಅದು. ನಿಮಗೆ ಎರಡು ಎಲೆ, ಡೀಲರ್‌ಗೆ ಎರಡು, ಅವರದರಲ್ಲಿ ಒಂದು ಮಾತ್ರ ಕಾಣಿಸುತ್ತದೆ. ಇನ್ನೊಂದು ಎಲೆ ಬೇಕಾದರೆ ಬೆರಳಿನಿಂದ ಟೇಬಲ್ ತಟ್ಟಿ, ಸಾಕಾದರೆ ಅಂಗೈಯನ್ನು ಅಡ್ಡ ಆಡಿಸಿ. ಬಾಯಲ್ಲಿ ಹೇಳಿದರೆ ಸಾಲದು, ಮೇಲಿನ ಕ್ಯಾಮೆರಾಕ್ಕೆ ಕೈಸನ್ನೆ ಕಾಣಬೇಕು. 21 ದಾಟಿದರೆ ನೀವು ಅಲ್ಲೇ ಸೋತಿರಿ, ಆಮೇಲೆ ಡೀಲರ್ ಕೂಡ ದಾಟಿದರೂ ನಿಮ್ಮ ದುಡ್ಡು ವಾಪಸ್ ಬರುವುದಿಲ್ಲ. ಕ್ಯಾಸಿನೊ ಸಂಪಾದನೆಯ ಗುಟ್ಟು ಇರುವುದು ಇಲ್ಲೇ.

ಆದರೆ ಡೀಲರ್ ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲೆ ತೆಗೆಯಲೇಬೇಕು, 17 ಆದರೆ ನಿಲ್ಲಬೇಕು. ಎಕ್ಕವನ್ನು 11 ಅಂತ ಎಣಿಸಿ ಆದ 17ಕ್ಕೆ ಮಾತ್ರ ಹಲವು ಟೇಬಲ್‌ಗಳಲ್ಲಿ ಇನ್ನೊಂದು ತೆಗೆಯುತ್ತಾರೆ, ಅದು ನಮಗೆ ಸ್ವಲ್ಪ ನಷ್ಟವೇ. ಈಗ ನೋಡಿ, ಡೀಲರ್ 6 ತೋರಿಸುತ್ತಿದ್ದಾರೆ ಅಂದುಕೊಳ್ಳಿ. 52 ಎಲೆಯಲ್ಲಿ 16 ಎಲೆ ಹತ್ತರ ಬೆಲೆಯವು, ಕೆಳಗಿರುವುದು ಅಂಥದ್ದೇ ಆದರೆ ಒಟ್ಟು 16, ಮತ್ತೆ ತೆಗೆಯಲೇಬೇಕು, ಒಟ್ಟಾರೆ ನೂರಕ್ಕೆ ಸುಮಾರು 42 ಸಲ ಅವರು 21 ದಾಟುತ್ತಾರೆ. ಹಾಗಾಗಿ ಅವರದು 2ರಿಂದ 6 ಇದ್ದಾಗ ನೀವು ಎಕ್ಕವನ್ನು 11 ಅಂತ ಎಣಿಸದೆ ಆದ 13ರಿಂದ 16ರಲ್ಲಿ ಸುಮ್ನೆ ನಿಂತುಬಿಡಿ. 12 ಇದ್ದರೆ, ಅವರದು 4, 5, 6 ಆದಾಗ ಮಾತ್ರ ನಿಲ್ಲಿ. ಅವರದು 7 ಅಥವಾ ಜಾಸ್ತಿ ಇದ್ದರೆ 17 ಆಗುವವರೆಗೆ ಎಲೆ ಕೇಳಿ. 10ರ ಎದುರು 16 ಬಂದಾಗ ಕೇಳುವುದಕ್ಕೆ ಹೊಟ್ಟೆ ಉರಿಯುತ್ತದೆ, ಆದರೂ ನಿಂತರೆ ಇನ್ನೂ ಸ್ವಲ್ಪ ಜಾಸ್ತಿ ಸೋಲುತ್ತೀರಿ.

ಮೊದಲ ಎರಡು ಎಲೆ ಸೇರಿ 11 ಆದರೆ ಪಣ ಇಮ್ಮಡಿ ಮಾಡಿ, ಆಗ ಒಂದೇ ಎಲೆ ಸಿಗುತ್ತದೆ. 10 ಆದರೂ ಹಾಗೇ, ಡೀಲರ್‌ಗೆ ಹತ್ತೋ ಎಕ್ಕವೋ ಇಲ್ಲದಿದ್ದರೆ. ಜೋಡಿ ಎಕ್ಕ, ಜೋಡಿ 8 ಬಂದರೆ ಬೇರೆ ಮಾಡಿ ಎರಡು ಕೈ ಆಡಿ. ಜೋಡಿ ಹತ್ತನ್ನು ಮಾತ್ರ ಒಡೆಯಲೇಬೇಡಿ, 20 ಅಂದರೆ ಸಣ್ಣದಲ್ಲ.

ಇದೆಲ್ಲ ಯಾರದೋ ಅನುಭವದ ಮಾತಲ್ಲ. ಅಮೆರಿಕದ ಸೈನ್ಯದಲ್ಲಿದ್ದ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಅನ್ನುವ ನಾಲ್ವರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳಲ್ಲೇ ಗುಣಿಸಿ, ಕೂಡಿ, 1956ರಲ್ಲಿ ಪ್ರಕಟಿಸಿದ್ದು. ನನಗೆ ಇವತ್ತಿಗೂ ಅದು ದೊಡ್ಡ ಸಾಧನೆ. ಅಂಥ ಪೂರ್ತಿ ಪಟ್ಟಿ ಅಂಗೈ ಅಗಲದ ಕಾರ್ಡಿನಲ್ಲಿ ವೇಗಸ್ ಅಂಗಡಿಗಳಲ್ಲೇ ಸಿಗುತ್ತದೆ, ಸಾಮಾನ್ಯವಾಗಿ ಟೇಬಲ್‌ನಲ್ಲಿ ನೋಡಿಕೊಂಡು ಆಡಲು ಬಿಡುತ್ತಾರೆ. ಅದರಂತೆ ಆಡಿದರೆ, ಒಳ್ಳೆ ನಿಯಮದ ಟೇಬಲ್‌ನಲ್ಲಿ ಕ್ಯಾಸಿನೊಗೆ ಉಳಿಯುವುದು 100 ಡಾಲರ್ ಪಣಕ್ಕೆ ಸುಮಾರು ಅರ್ಧ ಡಾಲರ್. ನಮ್ಮ ಅಂದರ್ ಬಾಹರ್‌ನಲ್ಲಿ ದುಡ್ಡು ಕಟ್ಟಿದ ಮೇಲೆ ನೋಡುತ್ತಾ ಕೂರಬೇಕು ಅಷ್ಟೇ, ಅಲ್ವಾ? ಇಲ್ಲಿ ಪ್ರತಿ ಕೈಯಲ್ಲೂ ತೀರ್ಮಾನ ನಿಮ್ಮದು. ಅದಕ್ಕೇ ಈ ಆಟ ನನಗಿಷ್ಟ.

ಕೂರುವ ಮುಂಚೆ ಟೇಬಲ್ ಮೇಲೆ ಬರೆದಿರುವುದನ್ನು ಓದಿ, ಇದನ್ನು ಮರೆಯಲೇಬೇಡಿ. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರ ಬೆಲೆಯ ಎಲೆ ಬಂದರೆ ಅದೇ ಬ್ಲ್ಯಾಕ್‌ಜಾಕ್. ಅದಕ್ಕೆ "3 to 2" ಅಂತಿದ್ದರೆ 10 ಡಾಲರ್‌ಗೆ 15 ಕೊಡುತ್ತಾರೆ, "6 to 5" ಅಂತಿದ್ದರೆ ಬರೀ 12. ಇಷ್ಟರಿಂದಲೇ ಕ್ಯಾಸಿನೊ ಪಾಲು 100ಕ್ಕೆ ಸುಮಾರು 1.4 ಡಾಲರ್ ಏರುತ್ತದೆ. ಎದ್ದು ಬೇರೆ ಟೇಬಲ್ ಹುಡುಕಿ. ಡೀಲರ್ ಎಕ್ಕ ತೋರಿಸಿ ಇನ್ಶೂರೆನ್ಸ್ (ಅವರಿಗೆ ಬ್ಲ್ಯಾಕ್‌ಜಾಕ್ ಇದೆ ಅಂತ ಕಟ್ಟುವ ಬೇರೆ ಪಣ) ಬೇಕಾ ಅಂದರೆ ಬೇಡ ಅನ್ನಿ.

ದುಡ್ಡನ್ನು ಅವರ ಕೈಗೆ ಕೊಡಬೇಡಿ, ಟೇಬಲ್ ಮೇಲಿಡಿ. ವಾರದ ನಡುವೆ ಬೆಳಿಗ್ಗೆ ಹೋದರೆ ಕನಿಷ್ಠ ಪಣ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಜನವೂ ಕಡಿಮೆ, ಗೊತ್ತಾಗದ್ದನ್ನು ಡೀಲರ್‌ನನ್ನೇ ನಿಧಾನವಾಗಿ ಕೇಳಬಹುದು.