ಎಆರ್ ಆಟದಿಂದ ಮಕ್ಕಳಿಗೆ ಸಾಂಪ್ರದಾಯಿಕ ವಿನ್ಯಾಸ ಕಲಿಸಬಹುದೇ?

ಚಿತ್ರಕಲೆ ತರಗತಿಯ ಮಕ್ಕಳಿಗೆ ಸಾಂಪ್ರದಾಯಿಕ ವಿನ್ಯಾಸ ಕಲಿಸಲು ಆಗ್ಮೆಂಟೆಡ್ ರಿಯಾಲಿಟಿ (ಎಆರ್: ಫೋನ್ ಕ್ಯಾಮೆರಾದಲ್ಲಿ ಕಾಣುವ ನಿಜ ದೃಶ್ಯದ ಮೇಲೆ ಚಿತ್ರ ಮೂಡಿಸುವ ತಂತ್ರ) ಆಟ ಉಪಯೋಗಕ್ಕೆ ಬರುತ್ತದೆಯೇ, ಬರುವುದಾದರೆ ಆಟ ಹೇಗಿರಬೇಕು ಅಂತ ಕೇಳಿದ್ದೀರಿ. ಇಂಥ ಆಟಗಳನ್ನು ಮಾಡುವ ಕೆಲಸ ನನ್ನದು. ಖಂಡಿತ ಬರುತ್ತದೆ, ಆದರೆ ತಿದ್ದಿಸುವ ಆಟ ಮಾಡಬೇಡಿ.

ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಹಾಳೆಯ ಮೇಲೆ ಗೆರೆ ಮೂಡಿದಂತೆ ಪರದೆಯಲ್ಲಿ ಕಾಣುತ್ತದೆ, ಮಗು ಅದರ ಮೇಲೆಯೇ ಪೆನ್ಸಿಲ್ ಎಳೆಯುತ್ತದೆ, ಅಂಕ ಬರುತ್ತದೆ. ಫೋನ್ ತೆಗೆದಿಟ್ಟು ಈಗ ಬಿಡಿಸು ಅಂದರೆ ಕೈ ಓಡುವುದಿಲ್ಲ. ಕೈ-ಮೈ ಚಲನೆಯ ಕೌಶಲಗಳ ಕಲಿಕೆಯನ್ನು ಅಧ್ಯಯನ ಮಾಡಿದವರು 1984ರಲ್ಲೇ ಇದನ್ನು ಹೇಳಿದ್ದರು: ಪ್ರತಿ ಸಲವೂ ಸರಿ-ತಪ್ಪು ತೋರಿಸುತ್ತಿದ್ದರೆ ಅಭ್ಯಾಸ ಮಾಡುವಾಗ ಚೆನ್ನಾಗಿ ಮಾಡುತ್ತಾರೆ, ಆಸರೆ ತೆಗೆದಾಗ ಎಡವುತ್ತಾರೆ. ತಿದ್ದುವ ಗೆರೆ ಬೇಕೇ ಬೇಕು ಅಂದರೆ ಹಂತಹಂತವಾಗಿ ಮಾಯವಾಗಲಿ. ಕೊನೆಗೆ ಬರೀ ಚುಕ್ಕಿ ಉಳಿಯಲಿ.

ಆಟದಲ್ಲಿ ಸಿಗಬೇಕಾದದ್ದು ವಿನ್ಯಾಸದ ಹಿಂದಿನ ನಿಯಮ. ನನಗೆ ಬಹಳ ಇಷ್ಟವಾದ ಉದಾಹರಣೆ ಅಂಗೋಲಾದ ಚೋಕ್ವೆ ಜನ ಮರಳಿನ ಮೇಲೆ ಬೆರಳಿಂದ ಬಿಡಿಸುವ ಸೋನಾ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಚುಕ್ಕಿ ಸಾಲುಗಳನ್ನಿಟ್ಟು, ಅವುಗಳ ನಡುವೆ ಓರೆಯಾಗಿ ಗೆರೆ ಎಳೆಯುತ್ತಾ, ಅಂಚಿಗೆ ಬಂದಾಗ ತಿರುಗಿಸಿಕೊಂಡು ಹೋಗುವುದು. ಎಳೆ ರಂಗೋಲಿ ಹಾಕಿ ಗೊತ್ತಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಇದರಲ್ಲಿ ಚಾಪೆ ಹೆಣಿಗೆಯಂಥದ್ದೊಂದು ನಮೂನೆಯಿದೆ. 3 ಅಡ್ಡಸಾಲು, 4 ಕಂಬಸಾಲು ಚುಕ್ಕಿ ಇಟ್ಟರೆ ಒಂದೇ ಗೆರೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. 4ಕ್ಕೆ 6 ಇಟ್ಟರೆ ಎರಡು ಗೆರೆ ಬೇಕು. 4ಕ್ಕೆ 4 ಇಟ್ಟರೆ ನಾಲ್ಕು. ಎರಡು ಸಂಖ್ಯೆಗಳ ಮ.ಸಾ.ಅ. (ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟೋ ಅಷ್ಟು ಗೆರೆ! ಮಗು ನೆಲದ ಮೇಲೆ ಅಂಗಿಯ ಗುಂಡಿಗಳನ್ನು ಚುಕ್ಕಿಗಳಂತೆ ಜೋಡಿಸಲಿ, ಕ್ಯಾಮೆರಾ ಅವನ್ನು ಎಣಿಸಿ ಗೆರೆ ಹರಿಯಬಿಡಲಿ. "ಎಷ್ಟು ಗೆರೆ ಬರುತ್ತೆ, ಮೊದಲೇ ಹೇಳು" ಅನ್ನುವುದೇ ಆಟ. ಇನ್ನೊಂದು ಸಾಲು ಸೇರಿಸಿದ ಕೂಡಲೇ ಬಿಡಿ ಗೆರೆಗಳು ಕೂಡಿ ಒಂದಾಗುವುದನ್ನು ಕಾಗದದಲ್ಲಿ ತೋರಿಸಬೇಕಾದರೆ ಪ್ರತಿ ಸಲವೂ ಹೊಸದಾಗಿ ಬಿಡಿಸಬೇಕು. ಎಆರ್ ಬೇಕಾಗುವುದೇ ಇಂಥ ಕಡೆ.

ಮೇಣ ಬಳಸಿ ಬಟ್ಟೆಗೆ ಬಣ್ಣ ಹಾಕುವ ಬಾಟಿಕ್‌ನಲ್ಲಿ ನಿಯಮ ಬೇರೆ. ಮೇಣ ಹಚ್ಚಿದಲ್ಲಿ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಬಿಳಿ ಉಳಿಯಬೇಕಾದದ್ದನ್ನು ಮೊದಲು ಮುಚ್ಚಬೇಕು. ಈ ಕ್ರಮವನ್ನು ಪರದೆಯಲ್ಲಿ ಆಡಿಸಬಹುದು. ಬಿಸಿ ಮೇಣದ ಹದ ಮಾತ್ರ ಬಟ್ಟೆಯ ಮೇಲೇ ಕಲಿಯಬೇಕು.

ಒಂದು ತಾಂತ್ರಿಕ ತೊಡಕಿದೆ, ಯೋಚಿಸಿದರೆ ನಗುವೂ ಬರುತ್ತದೆ. ಕ್ಯಾಮೆರಾ ಒಂದು ಚಿತ್ರವನ್ನು ಗುರುತಿಸುವುದು ಅದರಲ್ಲಿರುವ, ಒಂದರಂತೆ ಇನ್ನೊಂದಿಲ್ಲದ ಮೂಲೆ-ಅಂಚುಗಳಿಂದ. ಸಾಂಪ್ರದಾಯಿಕ ವಿನ್ಯಾಸಗಳಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ, ಎಷ್ಟೋ ಸಲ ತಿರುಗಿಸಿ ಇಟ್ಟರೂ ಹಾಗೇ ಕಾಣುತ್ತದೆ. ಅದನ್ನೇ ಮಾರ್ಕರ್ (ಕ್ಯಾಮೆರಾ ಜಾಗ ಕಂಡುಕೊಳ್ಳಲು ನೋಡುವ ಗುರುತು) ಮಾಡಿಕೊಂಡರೆ ಮೇಲ್ಯಾವುದು ಕೆಳಗ್ಯಾವುದು ತಿಳಿಯದೆ ಗೆರೆ ಜಿಗಿದಾಡುತ್ತದೆ. ಹಾಳೆಯ ಒಂದು ಮೂಲೆಯಲ್ಲಿ ಯಾವ ಸಮಮಿತಿಯೂ ಇಲ್ಲದ ಬೇರೊಂದು ಚಿತ್ರ ಮುದ್ರಿಸಿ ಅದನ್ನು ಮಾರ್ಕರ್ ಮಾಡಿಕೊಳ್ಳಿ. ಹಾಗೇ ಫೋನನ್ನು ಸ್ಟ್ಯಾಂಡಿಗೆ ಹಾಕಿ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಬಿಡಿಸುವುದು ದೊಡ್ಡವರಿಗೂ ಕಷ್ಟ.

ಆಟ ಫಲಿಸಿತೋ ಇಲ್ಲವೋ ನೋಡಲು ಮರುದಿನ ಫೋನ್ ಕೊಡದೆ, ಆಟದಲ್ಲಿ ಬಂದೇ ಇರದ 5ಕ್ಕೆ 7 ಚುಕ್ಕಿ ಕೊಟ್ಟು ಬಿಡಿಸಲು ಹೇಳಿ. ತಡವರಿಸಿದರೆ ಆಸರೆ ಗೆರೆಯನ್ನು ಇನ್ನೂ ಬೇಗ ತೆಗೆಯಬೇಕು ಅಂತ ಅರ್ಥ.