ನಾರು ಸೇರಿಸಿದ ಸಿರಾಮಿಕ್: ಸಾಂದ್ರತೆ ಮತ್ತು ಬಲದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸಿಲಿಕಾನ್ ಕಾರ್ಬೈಡ್ ನಾರಿನ ಹೆಣಿಗೆಗೆ ಪಾಲಿಮರ್ ತುಂಬಿಸಿ, ಸುಟ್ಟು, ಮತ್ತೆ ತುಂಬಿಸುತ್ತಿದ್ದೇವೆ. ಐದನೇ ಸುತ್ತಿನ ನಂತರ ತೂಕ ಏರುತ್ತಿಲ್ಲ, ಒಳಗಿನ್ನೂ ರಂಧ್ರಗಳಿವೆ. ಕುಲುಮೆಯ ಉಷ್ಣತೆ ಹೆಚ್ಚಿಸಿದರೆ ಸಾಂದ್ರತೆಯೂ ಬಲವೂ ಹೆಚ್ಚುವುದೇ?

ಉತ್ತರ: ಇಲ್ಲ. ಬೇರೆ ಬೇರೆ ವೇಷದಲ್ಲಿ ಪದೇ ಪದೇ ಬರುವ ಪ್ರಶ್ನೆಯಿದು. ಪಾಲಿಮರ್ ಸಿರಾಮಿಕ್ ಆಗುವಾಗ ಅನಿಲ ಬಿಟ್ಟು ಕುಗ್ಗುತ್ತದೆ. ತೂಕದಲ್ಲಿ ಶೇ 70ರಷ್ಟು ಉಳಿದರೂ ಗಾತ್ರದಲ್ಲಿ ಅರ್ಧವೂ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಸುತ್ತಿನ ಗಳಿಕೆ ಹಿಂದಿನದಕ್ಕಿಂತ ಕಡಿಮೆಯಾಗುವುದು ಸಹಜ. ಆದರೆ ಐದರಲ್ಲೇ ಅದು ಪೂರ್ತಿ ನಿಂತಿದೆಯೆಂದರೆ, ಹೊರಮೈಯ ರಂಧ್ರಗಳು ಮುಚ್ಚಿಕೊಂಡಿರುವ ಸಂಭವವೇ ಹೆಚ್ಚು. ಮೈಯನ್ನು ತೆಳುವಾಗಿ ಉಜ್ಜಿ ತೆರೆಯಿರಿ; ಮೊದಲು ನಿರ್ವಾತದಲ್ಲಿ ಗಾಳಿ ತೆಗೆದು ಬಳಿಕ ಒತ್ತಡದಲ್ಲಿ ಪಾಲಿಮರ್ ತುಂಬಿಸಿ; ಅನಿಲ ಹೊರಡುವ ಹಂತದಲ್ಲಿ ಕುಲುಮೆಯನ್ನು ನಿಧಾನವಾಗಿ ಏರಿಸಿ. ಸಿರಾಮಿಕ್ ಪುಡಿ ಬೆರೆಸುವುದಾದರೆ ಮೊದಲ ಸುತ್ತಿನಲ್ಲೇ ಬೆರೆಸಿ, ಆಮೇಲೆ ಬೆರೆಸಿದ್ದು ಪಾಲಿಮರ್ ಒಳಹೋಗುವ ದಾರಿ ಮುಚ್ಚುವುದಕ್ಕಷ್ಟೇ ಉಪಯೋಗ. ಉಷ್ಣತೆಯ ಗೋಜಿಗಂತೂ ಹೋಗಬೇಡಿ: ಆಮ್ಲಜನಕವಿರುವ ಮೊದಲ ಪೀಳಿಗೆಯ ನಾರು ಸುಮಾರು 1200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾರ್ಬನ್ ಮಾನಾಕ್ಸೈಡ್ ಬಿಟ್ಟು ಸೊರಗುತ್ತದೆ.

ಇನ್ನು ಬಲದ ಮಾತು. ಸಾಂದ್ರತೆ ಏರಿದೊಡನೆ ಬಲ ಏರುತ್ತದೆಂಬ ನಂಬಿಕೆಯನ್ನು ಹಂಚುವವರ ಮೇಲೆ ನನಗೆ ಸಿಟ್ಟಿದೆ. ನಾರಿಗೂ ಸುತ್ತಲಿನ ಸಿರಾಮಿಕ್‌ಗೂ ನಡುವೆ ಬೋರಾನ್ ನೈಟ್ರೈಡ್ ಅಥವಾ ಇಂಗಾಲದ ತೆಳು ಲೇಪ ಉಳಿದಿದ್ದರೆ, ಬಿರುಕು ಅಲ್ಲಿ ಪಕ್ಕಕ್ಕೆ ತಿರುಗಿ ನಾರು ಜಾರುತ್ತದೆ. ಲೇಪವಿಲ್ಲದಿದ್ದರೆ ನಿಮ್ಮ ತುಂಡು ಎಷ್ಟೇ ದಟ್ಟವಾಗಿರಲಿ, ಗಾಜಿನಂತೆ ಒಮ್ಮೆಗೇ ಒಡೆಯುತ್ತದೆ. ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ: ನಾರುಗಳು ಹೊರಚಾಚಿರಬೇಕು. ಮುಖ ನುಣುಪಾಗಿದ್ದರೆ ಸಾಂದ್ರತೆಯ ಚಿಂತೆ ಬಿಟ್ಟು ಲೇಪವನ್ನು ವಿಚಾರಿಸಿ. ಲೇಪವಿಲ್ಲದ ಆಕ್ಸೈಡ್ ನಾರು–ಆಕ್ಸೈಡ್ ಸಿರಾಮಿಕ್ ಜೋಡಿಯಲ್ಲಂತೂ ಬಿರುಕನ್ನು ತಿರುಗಿಸಲು ರಂಧ್ರಗಳನ್ನು ಬೇಕೆಂದೇ ಉಳಿಸಿರುತ್ತಾರೆ. ಅವನ್ನು ತುಂಬಿಸಲು ಹೊರಟರೆ ಬಿರುಕು ತಾಳಿಕೊಳ್ಳುವ ಇರುವ ಗುಣವೂ ಹೋಗುತ್ತದೆ.

ಪ್ರಶ್ನೆ: ಕರಗಿದ ಸಿಲಿಕಾನ್ ಹೀರಿಸಿದರೆ ಒಂದೇ ಸಲಕ್ಕೆ ಮುಗಿಯುವುದಲ್ಲವೇ?

ಉತ್ತರ: ದಟ್ಟವಾಗುತ್ತದೆ, ಆದರೆ ಒಳಗುಳಿದ ಸಿಲಿಕಾನ್ 1414 ಡಿಗ್ರಿಗೆ ಕರಗುತ್ತದೆ, ಲೇಪದಲ್ಲಿ ಬಿರುಕಿದ್ದರೆ ಅದು ನಾರನ್ನೂ ತಿನ್ನುತ್ತದೆ.

ಪ್ರಶ್ನೆ: ಚಿಟಿಕೆ ನ್ಯಾನೋ ಪುಡಿಯಿಂದ ಬಲ ಇಮ್ಮಡಿಯಾಗುತ್ತದೆಂದು ಮಾರುವವರೊಬ್ಬರು ಹೇಳಿದರು. ಕೊಳ್ಳಬಹುದೇ?

ಉತ್ತರ: ಎಳೆತದ ಪರೀಕ್ಷೆಯ ವಕ್ರರೇಖೆಯನ್ನೂ ಮುರಿದ ಮುಖದ ಚಿತ್ರವನ್ನೂ ಕೇಳಿ. ಬಾಗಿಸುವ ಪರೀಕ್ಷೆಯ ಒಂದು ದೊಡ್ಡ ಅಂಕಿಯನ್ನಷ್ಟೇ ತೋರಿಸಿದರೆ ಕೊಳ್ಳಬೇಡಿ.